ಎರಡು ಬಂದರೆ ಅಳಬೇಕೆ, ನಗಬೇಕೆ?

"ಟೀಚರಮ್ಮಾ, ಒಸಿ ಈ ಕಡೆ ಬನ್ನಿ. ನಮ್ಮ ಮೊಮ್ಮಗಳಿಗೆ ಲೆಕ್ಕದಾಗೆ ಎರಡೇ ಎರಡು ಬಂದೈತಂತೆ. ಮಗ ನೋಡಿದ್ರೆ ಫೋನ್‌ನಾಗೆ ನಗ್ತಾವ್ನೆ. ಅಲ್ಲ, ಇದು ನಗೋ ಮಾತಾ?"

2025ರ ಮೇ ತಿಂಗಳ ಮೊದಲ ವಾರ. ದಾಬಸ್‌ಪೇಟೆಯ ನಮ್ಮ ಬೀದಿಯಲ್ಲಿ ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಆಚೆಯಿಂದ ಹೀಗೆ ಕೂಗಿದಾಗ ನಾನು ಒಲೆಯ ಮೇಲೆ ಸಾರು ಇಟ್ಟಿದ್ದೆ. ಅಜ್ಜಿಯ ಮಗ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಕೆಲಸದಲ್ಲಿದ್ದಾನೆ. ಮೊಮ್ಮಗಳು ಅಲ್ಲಿಯೇ ನಾಲ್ಕನೆಯ ತರಗತಿ. ಭಾಷೆಯಲ್ಲಿ ಎರಡು, ಲೆಕ್ಕದಲ್ಲಿ ಎರಡು, ಪರಿಸರ ಮತ್ತು ಸಮಾಜದ ಪಾಠದಲ್ಲಿ ಮೂರು. ಅಜ್ಜಿಗೆ ರಾತ್ರಿಯಿಂದ ನಿದ್ದೆಯಿಲ್ಲ. "ಅಷ್ಟು ದೂರ ಕರ್ಕೊಂಡೋಗಿ ಮಗೀನ ಹಾಳು ಮಾಡಿದ್ರಲ್ಲ!" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಅದೇ ವಾರ ಎಸ್ಸೆಸ್ಸೆಲ್ಸಿ ಫಲಿತಾಂಶವೂ ಬಂದಿತ್ತು. ನಮ್ಮ ಹಿಂದಿನ ಮನೆಯ ಹುಡುಗಿಗೆ ಆರು ವಿಷಯಗಳ ಪೈಕಿ ಐದರಲ್ಲಿ ತೇರ್ಗಡೆ, ಗಣಿತದಲ್ಲಿ ಮಾತ್ರ 32. ಪಾಸಿಗೆ ಬೇಕಿದ್ದದ್ದು 35. ಮೂರೇ ಮೂರು ಅಂಕ! ಆ ಮನೆಯಲ್ಲಿ ಎರಡು ದಿನ ಒಲೆ ಸರಿಯಾಗಿ ಉರಿಯಲಿಲ್ಲ. "ಓದು ಇವಳ ಹಣೇಲಿ ಬರೆದಿಲ್ಲ ಕಣಕ್ಕಾ. ಗಾರ್ಮೆಂಟ್ಸಿಗೆ ಸೇರಿಸ್ತೀನಿ. ಎರಡು ವರ್ಷ ಆದ್ರೆ ಗಂಡು ನೋಡಿದ್ರಾಯ್ತು" ಎಂದು ತಾಯಿ ನನ್ನ ಮುಂದೆ ಹೇಳಿದಾಗ, ಹುಡುಗಿ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಒಂದು ಮನೆಯಲ್ಲಿ ಎರಡಕ್ಕೆ ಅಳು, ಇನ್ನೊಂದು ಮನೆಯಲ್ಲಿ ಮೂವತ್ತೆರಡಕ್ಕೆ ಅಳು. ಮೊದಲನೆಯದು ಅಳಬೇಕಾದ ವಿಷಯವೇ ಅಲ್ಲ. ಎರಡನೆಯದಕ್ಕೆ ದುಃಖಪಡಬಹುದು, ಆದರೆ ಒಬ್ಬ ಹುಡುಗಿಯ ಬಾಳಿನ ದಾರಿಯನ್ನೇ ಬದಲಿಸುವಷ್ಟು ದೊಡ್ಡ ಸಂಗತಿ ಅದಲ್ಲ. ಸೋದರಿಯರೆ, ಮಕ್ಕಳ ಅಂಕಪಟ್ಟಿಯನ್ನು ಓದುವುದನ್ನು ನಾವು ತಾಯಂದಿರು ಸ್ವಲ್ಪ ಕಲಿತುಕೊಳ್ಳಬೇಕಾದದ್ದು ಈ ಕಾರಣಕ್ಕೆ.

ಅಜ್ಜಿಯ ಮೊಮ್ಮಗಳ 'ಎರಡು'

ಜರ್ಮನಿಯ ಶಾಲೆಗಳಲ್ಲಿ ಒಂದರಿಂದ ಆರರವರೆಗೆ ಶ್ರೇಣಿ ಕೊಡುತ್ತಾರೆ. ಒಂದು ಎಂದರೆ ಅತ್ಯುತ್ತಮ. ಎರಡು ಎಂದರೆ ಉತ್ತಮ. ಮೂರು ತೃಪ್ತಿಕರ. ನಾಲ್ಕು ಎಂದರೆ 'ಸಾಕು', ಅಂದರೆ ಪಾಸು. ಐದು ಮತ್ತು ಆರು ನಪಾಸು. ನಮ್ಮಲ್ಲಿ ಓಟದ ಪಂದ್ಯದಲ್ಲಿ ಮೊದಲು ಬಂದವನಿಗೆ ಒಂದು ಎನ್ನುವುದಿಲ್ಲವೆ, ಹಾಗೆ ಅದು.

ಇಷ್ಟಕ್ಕೇ ಮುಗಿಯಲಿಲ್ಲ. ಮ್ಯೂನಿಕ್ ಇರುವುದು ಬವೇರಿಯಾ ರಾಜ್ಯದಲ್ಲಿ. ಅಲ್ಲಿ ಮಗುವಿಗೆ ಹತ್ತು ವರ್ಷವಾಗುತ್ತಲೇ ನಾಲ್ಕನೆಯ ತರಗತಿಯ ಈ ಮೂರು ವಿಷಯಗಳ ಸರಾಸರಿ ತೆಗೆಯುತ್ತಾರೆ. ಸರಾಸರಿ 2.33 ಅಥವಾ ಅದಕ್ಕಿಂತ ಒಳ್ಳೆಯದಿದ್ದರೆ 'ಗಿಮ್ನಾಜಿಯಂ' ಎಂಬ ಪ್ರೌಢಶಾಲೆಗೆ ನೇರ ಪ್ರವೇಶ. ವಿಶ್ವವಿದ್ಯಾಲಯಕ್ಕೆ ಹೋಗುವ ರಾಜಮಾರ್ಗ ಅದು. 2.66ರವರೆಗೆ ಇದ್ದವರಿಗೆ 'ರೆಯಾಲ್‌ಶೂಲೆ' ಎಂಬ ಮತ್ತೊಂದು ಬಗೆಯ ಶಾಲೆ. ಸ್ವಲ್ಪದರಲ್ಲಿ ತಪ್ಪಿದ ಮಕ್ಕಳಿಗೆ ಮೂರು ದಿನ ಪರೀಕ್ಷಾರ್ಥ ಪಾಠ ನಡೆಸಿ ಇನ್ನೊಂದು ಅವಕಾಶ ಕೊಡುವ ಕ್ರಮವೂ ಉಂಟು.

ಈಗ ಲೆಕ್ಕ ಹಾಕಿ. ಎರಡು, ಎರಡು, ಮೂರು ಕೂಡಿದರೆ ಏಳು. ಮೂರರಿಂದ ಭಾಗಿಸಿದರೆ 2.33. ಅಜ್ಜಿಯ ಮೊಮ್ಮಗಳು ಕೂದಲೆಳೆಯ ಅಂತರದಲ್ಲಿ, ಆದರೂ ಗೆರೆಯೊಳಗೇ ಇದ್ದಾಳೆ! ಮಗ ಫೋನಿನಲ್ಲಿ ನಕ್ಕದ್ದು ಅದಕ್ಕೇ. ಹತ್ತು ವರ್ಷದ ಕೂಸಿನ ದಾರಿಯನ್ನು ಇಷ್ಟು ಬೇಗ ಕವಲು ಒಡೆಸುವುದು ಸರಿಯೆ ಎಂಬ ವಾದ ಆ ದೇಶದಲ್ಲಿಯೂ ಬಹುಕಾಲದಿಂದ ನಡೆಯುತ್ತಿದೆ. ಅದು ಬೇರೆ ಮಾತು.

ಅದೇ ಎರಡು, ಬೇರೆ ಬೇರೆ ಊರು

ಇದೇ 'ಎರಡು' ಎಂಬ ಅಂಕೆಯನ್ನು ಹಿಡಿದುಕೊಂಡು ಬೇರೆ ದೇಶಗಳಿಗೆ ಹೋದರೆ ಏನಾಗುತ್ತದೆ ನೋಡಿ.

ಜರ್ಮನಿಯ ನೆರೆಯ ಆಸ್ಟ್ರಿಯಾದಲ್ಲಿ ಶ್ರೇಣಿ ಒಂದರಿಂದ ಐದು. ಅಲ್ಲಿಯೂ ಎರಡು ಎಂದರೆ ಒಳ್ಳೆಯದೇ. ಇನ್ನೊಂದು ಮಗ್ಗುಲಿನ ಸ್ವಿಟ್ಜರ್‌ಲೆಂಡಿಗೆ ಹೋಗಿ. ಅಲ್ಲಿ ಬಹುಪಾಲು ಜನ ಆಡುವುದು ಜರ್ಮನ್ ಭಾಷೆಯನ್ನೇ. ಅಂಕೆಗಳೂ ಒಂದರಿಂದ ಆರೇ. ಆದರೆ ತಲೆಕೆಳಗು! ಆರು ಎಂದರೆ ಅತ್ಯುತ್ತಮ, ನಾಲ್ಕು ಪಾಸು, ಎರಡು ಎಂದರೆ ನಪಾಸು. ಗಡಿ ದಾಟಿದರೆ ಸಾಕು, ಜಾಣೆ ದಡ್ಡಿಯಾಗುತ್ತಾಳೆ.

ರಷ್ಯದಲ್ಲಿ ಐದು ಅತ್ಯುತ್ತಮ, ಮೂರು ಪಾಸು. ಎರಡು ಬಂದರೆ ಅಲ್ಲಿಯ ತಾಯಂದಿರೂ ನಮ್ಮ ಅಜ್ಜಿಯಂತೆಯೇ ಅಳಬೇಕಾಗುತ್ತದೆ. ಡೆನ್ಮಾರ್ಕಿನವರದು ಇನ್ನೂ ವಿಚಿತ್ರ. ಅವರ ಏಳು ಶ್ರೇಣಿಗಳು 12, 10, 7, 4, 02, 00 ಮತ್ತು ಮೈನಸ್ ಮೂರು! ಸೊನ್ನೆಗಿಂತ ಕೆಳಗೂ ಒಂದು ಅಂಕ ಇದೆ. ಅಲ್ಲಿ ಎರಡು ಎಂದರೆ ಹೇಗೋ ಪಾಸಾದ ಲೆಕ್ಕ. ಫಿನ್ಲೆಂಡಿನ ಶಾಲೆಯಲ್ಲಿ ಶ್ರೇಣಿ ನಾಲ್ಕರಿಂದ ಹತ್ತು. ನಾಲ್ಕು ಎಂದರೇ ನಪಾಸು. ಎರಡು ಎಂಬುದು ಅಲ್ಲಿ ಇಲ್ಲವೇ ಇಲ್ಲ. ಫ್ರಾನ್ಸಿನಲ್ಲಿ ಇಪ್ಪತ್ತಕ್ಕೆ ಅಂಕ. ಹತ್ತು ಬಂದರೆ ಪಾಸು, ಹದಿನಾರು ಬಂದರೆ 'ಬಹಳ ಚೆನ್ನಾಗಿದೆ' ಎಂಬ ಮನ್ನಣೆ. ನಮ್ಮ ಲೆಕ್ಕದಲ್ಲಿ ಹದಿನಾರು ಎಂದರೆ ನೂರಕ್ಕೆ ಎಂಬತ್ತು. ಆದರೆ ಇಪ್ಪತ್ತಕ್ಕೆ ಇಪ್ಪತ್ತು ಕೈಬಿಚ್ಚಿ ಕೊಡುವುದು ಅಲ್ಲಿಯ ಮೇಷ್ಟರುಗಳ ರೂಢಿಯಲ್ಲ. ಅಲ್ಲಿಂದ ಹದಿನಾಲ್ಕು ತಂದ ಮಗುವನ್ನು "ಬರೀ ಎಪ್ಪತ್ತಾ?" ಎಂದು ಗದರಿದರೆ ಅನ್ಯಾಯ.

ಇಂಗ್ಲೆಂಡಿನವರು ಹದಿನಾರರ ವಯಸ್ಸಿನ ಜಿ.ಸಿ.ಎಸ್.ಇ. ಪರೀಕ್ಷೆಗೆ ಹಿಂದೆ ಅಕ್ಷರಗಳನ್ನು ಕೊಡುತ್ತಿದ್ದರು. 2017ರಿಂದ ಮೊದಲು ಇಂಗ್ಲಿಷಿಗೂ ಗಣಿತಕ್ಕೂ, ಆಮೇಲೆ ಉಳಿದ ವಿಷಯಗಳಿಗೂ ಒಂಬತ್ತರಿಂದ ಒಂದರವರೆಗೆ ಅಂಕೆ ತಂದರು. ಒಂಬತ್ತು ಎಲ್ಲಕ್ಕಿಂತ ಮೇಲು. ನಾಲ್ಕು ಸಾಧಾರಣ ಪಾಸು, ಐದು ಗಟ್ಟಿ ಪಾಸು. ಅಕ್ಷರಕ್ಕೆ ಒಗ್ಗಿದ್ದ ತಾಯಿತಂದೆಯರು ಹೊಸ ಅಂಕೆಗಳನ್ನು ಮೊದಲಿನಿಂದ ಕಲಿಯಬೇಕಾಯಿತು. ಆ ದೇಶದವರಿಗೇ ಹೀಗಾದರೆ, ನಮ್ಮ ಅಜ್ಜಿ ತಿಳಿಯದೆ ಅತ್ತದ್ದರಲ್ಲಿ ತಪ್ಪೇನಿದೆ?

ಇನ್ನು ಅಮೆರಿಕದ ಎ, ಬಿ, ಸಿ, ಡಿ. ಇದರ ಹಿಂದೆ ನಾವು ಹೆಂಗಸರು ತಿಳಿದಿರಬೇಕಾದ ಒಂದು ಸಂಗತಿಯಿದೆ. ಈ ಅಕ್ಷರಪದ್ಧತಿಯನ್ನು ಮೊದಮೊದಲು ಕ್ರಮಬದ್ಧವಾಗಿ ಜಾರಿಗೆ ತಂದ ಸಂಸ್ಥೆಗಳಲ್ಲಿ ಮೆಸಾಚುಸೆಟ್ಸ್ ರಾಜ್ಯದ ಮೌಂಟ್ ಹೋಲ್ಯೋಕ್ ಎಂಬ ಮಹಿಳಾ ಕಾಲೇಜೂ ಒಂದು. ಅದು 1897ರ ಮಾತು. ಆಗ 95ರಿಂದ ಮೇಲಕ್ಕೆ ಎ. 75ಕ್ಕಿಂತ ಕಡಿಮೆಯಾದರೆ ಇ, ಅಂದರೆ ನಪಾಸು. ಮರುವರ್ಷವೇ ಗೆರೆಗಳನ್ನು ತಿದ್ದಿ, ನಪಾಸಿಗೆ ಎಫ್ ಎಂಬ ಅಕ್ಷರವನ್ನು ಇಟ್ಟರು. ಕ್ರಮೇಣ ನಡುವಿನ ಇ ಮಾಯವಾಗಿ ಇಂದು ಡಿ ಆದ ಮೇಲೆ ನೇರ ಎಫ್. ಅಂದು ಆ ಕಾಲೇಜಿನಲ್ಲಿ 74 ತೆಗೆದ ಹುಡುಗಿ ನಪಾಸು. ನಮ್ಮಲ್ಲಿ 74 ಎಂದರೆ ಫಸ್ಟ್ ಕ್ಲಾಸು, ಮನೆಯಲ್ಲಿ ಪಾಯಸ!

ಮೂರು ಪ್ರಶ್ನೆ ಕೇಳಿ

ರಾಗಿಯನ್ನು ಸೇರಿನಲ್ಲಿ ಅಳೆದರೂ ಕಿಲೋದಲ್ಲಿ ತೂಗಿದರೂ ರಾಗಿ ಅಷ್ಟೇ ಇರುತ್ತದೆ. ಸೇರು ಎಷ್ಟು ದೊಡ್ಡದು ಎಂದು ಗೊತ್ತಿಲ್ಲದೆ ವ್ಯಾಪಾರಕ್ಕೆ ಕುಳಿತರೆ ಮೋಸಹೋಗುವವರು ನಾವು. ಆದ್ದರಿಂದ ಯಾವ ಅಂಕಪಟ್ಟಿ ಕೈಗೆ ಬಂದರೂ ಮೊದಲು ಈ ಮೂರು ಪ್ರಶ್ನೆ ಕೇಳಿ.

ಒಂದು, ಮೇಲು ಯಾವ ಕಡೆ? ಒಂದು ದೊಡ್ಡದೋ, ಆರು ದೊಡ್ಡದೋ?

ಎರಡು, ಪಾಸಿನ ಗೆರೆ ಎಲ್ಲಿದೆ? ನೂರಕ್ಕೆ ಮೂವತ್ತರಲ್ಲೋ, ಐವತ್ತರಲ್ಲೋ, ಎಪ್ಪತ್ತೈದರಲ್ಲೋ?

ಮೂರು, ಮಗುವನ್ನು ಅಳೆದದ್ದು ಗೆರೆಯ ಪಕ್ಕ ನಿಲ್ಲಿಸಿಯೋ, ಬೇರೆ ಮಕ್ಕಳ ಪಕ್ಕ ನಿಲ್ಲಿಸಿಯೋ?

ಮೂರನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಂಗೋಲಿ ಸ್ಪರ್ಧೆಯಲ್ಲಿ ಎಲ್ಲರೂ ಚೆನ್ನಾಗಿ ಹಾಕಿದರೂ ಮೊದಲ ಬಹುಮಾನ ಒಬ್ಬಳಿಗೇ. ಅದು ಸಾಲಿನಲ್ಲಿ ನಿಲ್ಲಿಸಿ ಅಳೆಯುವ ಕ್ರಮ. ಹೊಲಿಗೆ ತರಗತಿಯಲ್ಲಿ ರವಿಕೆ ಸರಿಯಾಗಿ ಹೊಲಿದವರೆಲ್ಲ ಪಾಸು. ಅದು ಗೆರೆ ನೋಡಿ ಅಳೆಯುವ ಕ್ರಮ.

ಈ ಎರಡೂ ಕ್ರಮ ನಮ್ಮ ಊರಿನಲ್ಲೇ ಅಕ್ಕಪಕ್ಕದಲ್ಲಿವೆ. ಸೋಂಪುರದ ಕೈಗಾರಿಕಾ ಪ್ರದೇಶ ಬಂದ ಮೇಲೆ ದಾಬಸ್‌ಪೇಟೆಗೆ ಎಲ್ಲೆಲ್ಲಿಂದಲೋ ಸಂಸಾರಗಳು ಬಂದಿವೆ. ಒಂದೇ ಬೀದಿಯ ಒಂದು ಮನೆಯ ಮಗು ರಾಜ್ಯ ಪಠ್ಯಕ್ರಮ, ಇನ್ನೊಂದು ಮನೆಯದು ಸಿ.ಬಿ.ಎಸ್.ಇ. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ 90ರಿಂದ ಮೇಲಕ್ಕೆ ಎ ಪ್ಲಸ್, 80ರಿಂದ ಎ ಎಂದು ಗೆರೆ ಎಳೆದಿದ್ದಾರೆ. ಎಷ್ಟು ಮಕ್ಕಳು ಬೇಕಾದರೂ ಗೆರೆ ದಾಟಬಹುದು. ಸಿ.ಬಿ.ಎಸ್.ಇ. ಹತ್ತನೆಯ ತರಗತಿಯಲ್ಲಿ ಹಾಗಲ್ಲ. ಅಂಕದ ಜೊತೆಗೆ ಅವರು ಕೊಡುವ ಗ್ರೇಡು ಸಾಲಿನ ಲೆಕ್ಕದ್ದು. ಆ ವಿಷಯದಲ್ಲಿ ಪಾಸಾದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಮುಂದಿನ ಎಂಟನೆಯ ಒಂದು ಪಾಲಿಗೆ ಎ1, ಅದರ ಹಿಂದಿನ ಎಂಟನೆಯ ಒಂದು ಪಾಲಿಗೆ ಎ2, ಹೀಗೆ. ಹಾಗಾಗಿ ಒಂದು ವಿಷಯದಲ್ಲಿ 88 ತೆಗೆದ ಸಿ.ಬಿ.ಎಸ್.ಇ. ಮಗುವಿಗೆ ಆ ವರ್ಷ ಬಿ1 ಬರಬಹುದು, ಪಕ್ಕದ ಮನೆಯಲ್ಲಿ ಅದೇ 88ಕ್ಕೆ ಎ ಬರುತ್ತದೆ. "ಅವಳಿಗೆ ಎ, ನಿನಗ್ಯಾಕೆ ಬಿ?" ಎಂದು ಮಗುವನ್ನು ಹಂಗಿಸುವ ಮುನ್ನ ಇದು ನೆನಪಿರಲಿ.

ಗೆರೆಯೂ ಸರಿಯುತ್ತದೆ

ಪಾಸಿನ ಗೆರೆಯನ್ನು ಬ್ರಹ್ಮ ಬರೆದಿಲ್ಲ. ಬರೆದವರು ನಮ್ಮ ನಿಮ್ಮಂಥ ಮನುಷ್ಯರು, ಬೇಕೆಂದಾಗ ಸರಿಸುವವರೂ ಅವರೇ.

ನಮ್ಮ ಎಸ್ಸೆಸ್ಸೆಲ್ಸಿಯನ್ನೇ ನೋಡೋಣ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ನೂರು ನೂರು, ಒಟ್ಟು 625. ಬಹಳ ವರ್ಷಗಳಿಂದ ಪಾಸಿನ ಗೆರೆ ನೂರಕ್ಕೆ 35. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ಬಿಗಿ ಮಾಡಿದಾಗ ಫಲಿತಾಂಶ ಕುಸಿಯಿತು. ಆ ವರ್ಷಕ್ಕೆ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದರು, ಅದನ್ನು ಪಡೆಯಲು ಬೇಕಾದ ಒಟ್ಟು ಅಂಕವನ್ನು ಶೇಕಡಾ 35ರಿಂದ 25ಕ್ಕೆ ಇಳಿಸಿದರು. 2025ರಲ್ಲಿ ಆ ಕೃಪಾಂಕ ಇರಲಿಲ್ಲ. ಆಮೇಲೆ 2025ರ ಅಕ್ಟೋಬರಿನಲ್ಲಿ ಸರ್ಕಾರ ಗೆರೆಯನ್ನೇ ಬದಲಾಯಿಸಿತು. 2025-26ನೆಯ ಸಾಲಿನಿಂದ ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು ಶೇಕಡಾ 33, ಅಂದರೆ 625ಕ್ಕೆ 206 ಬಂದು, ಪ್ರತಿ ವಿಷಯದಲ್ಲೂ ಕನಿಷ್ಠ ಶೇಕಡಾ 30 ಇದ್ದರೆ ಪಾಸು. ದ್ವಿತೀಯ ಪಿಯುಸಿಗೂ ಇದೇ ಕ್ರಮ, 600ಕ್ಕೆ 198.

ಹಿಂದಿನ ಮನೆಯ ಹುಡುಗಿಯ 32 ನೆನಪಿದೆಯಲ್ಲ? 2025ರ ಮೇ ತಿಂಗಳಲ್ಲಿ ಅದು ನಪಾಸು. ಅವಳೇ ಒಂದು ವರ್ಷ ಚಿಕ್ಕವಳಾಗಿದ್ದು ಅದೇ ಅಂಕ ತೆಗೆದಿದ್ದರೆ ಪಾಸು. ಹುಡುಗಿಯ ಬುದ್ಧಿಯಲ್ಲಿ ಒಂದು ಎಳ್ಳಿನಷ್ಟೂ ವ್ಯತ್ಯಾಸವಿಲ್ಲ. ಹಾಗೆಂದು ಲೆಕ್ಕ ಕಲಿಯದಿದ್ದರೂ ನಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. 32 ಎಂದರೆ ಲೆಕ್ಕದಲ್ಲಿ ಇನ್ನೂ ಕಲಿಯುವುದು ಬಹಳ ಇದೆ ಎಂದೇ ಅರ್ಥ. ಇನ್ನಷ್ಟು ಕಲಿಯಬೇಕು ಎಂಬುದು ಬೇರೆ, ಓದು ಹಣೆಯಲ್ಲಿ ಬರೆದಿಲ್ಲ ಎಂಬುದು ಬೇರೆ.

ಅಂಕವೇ ಇಲ್ಲದ ಅಂಕಪಟ್ಟಿ

ಎದುರು ಮನೆಯ ಸೊಸೆ ಕಾಸರಗೋಡಿನವಳು. ಅಚ್ಚ ಕನ್ನಡತಿ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವಳು. ಆದರೆ ಕಾಸರಗೋಡು ಕೇರಳದಲ್ಲಿ ಇರುವುದರಿಂದ ಅವಳು ಬರೆದದ್ದು ಕೇರಳದ ಎಸ್ಸೆಸ್ಸೆಲ್ಸಿ. 2005ರಿಂದ ಅಲ್ಲಿ ಗ್ರೇಡು ಪದ್ಧತಿ. 90ರಿಂದ ಎ ಪ್ಲಸ್, 80ರಿಂದ ಎ, 70ರಿಂದ ಬಿ ಪ್ಲಸ್, 60ರಿಂದ ಬಿ, 50ರಿಂದ ಸಿ ಪ್ಲಸ್, 40ರಿಂದ ಸಿ, 30ರಿಂದ ಡಿ ಪ್ಲಸ್. ಮುಂದೆ ಓದಲು ಪ್ರತಿ ವಿಷಯದಲ್ಲೂ ಡಿ ಪ್ಲಸ್ಸಾದರೂ ಇರಬೇಕು. ಅವಳ ಪ್ರಮಾಣಪತ್ರದಲ್ಲಿ ಅಕ್ಷರಗಳಿವೆ, ಅಂಕಗಳಿಲ್ಲ.

ಇಲ್ಲಿ ಒಂದು ಕೆಲಸಕ್ಕೆ ಅರ್ಜಿ ಹಾಕಲು ಹೋದಾಗ 'ಗಳಿಸಿದ ಅಂಕ' ಎಂಬ ಕಲಮಿನ ಮುಂದೆ ಪೆನ್ನು ನಿಂತುಹೋಯಿತು. "ಏನು ಬರೆಯಲಿ ಅಕ್ಕಾ? ಸುಳ್ಳು ಬರೆಯಲಿಕ್ಕಾಗುತ್ತದಾ?" ಎಂದು ಬಂದಳು. ಬಿ ಪ್ಲಸ್ ಎಂದರೆ 70 ಇರಬಹುದು, 79 ಇರಬಹುದು. ಊಹಿಸಿ ಒಂದು ಸಂಖ್ಯೆ ತುಂಬುವುದು ತಪ್ಪು. ಅಕ್ಷರವನ್ನು ಇದ್ದ ಹಾಗೆಯೇ ಬರೆದು, ಯಾವ ಅಕ್ಷರಕ್ಕೆ ಎಷ್ಟರಿಂದ ಎಷ್ಟು ಎಂಬ ಪಟ್ಟಿಯನ್ನು ಜೊತೆಗೆ ಲಗತ್ತಿಸಿ, ಅರ್ಜಿ ತೆಗೆದುಕೊಳ್ಳುವವರನ್ನು ಕೇಳಿಯೇ ಮುಂದುವರಿಯುವುದು ಸರಿ ಎಂದೆ. ಹಾಗೆಯೇ ಮಾಡಿದಳು. ಗಡಿಯಾಚೆ ಓದಿ ಈಚೆ ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಇದು ಎದುರಾಗುವ ತೊಡಕು. ಅಂಥ ಸೊಸೆ ನಿಮ್ಮ ಮನೆಗೆ ಬಂದಿದ್ದರೆ ಅವಳ ಕಾಗದಗಳನ್ನು ಒಡವೆಯಷ್ಟೇ ಜೋಪಾನವಾಗಿ ಇಡಿ.

ಮಗಳು ಹೊರದೇಶಕ್ಕೆ ಹೊರಟರೆ

ಈಗ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳೂ ಹೆಚ್ಚಿನ ಓದಿಗೆ ಜರ್ಮನಿಗೆ ಹೊರಡುತ್ತಿದ್ದಾರೆ. ನಮ್ಮ ಅಂಕವನ್ನು ಅವರ ಶ್ರೇಣಿಗೆ ಇಳಿಸಲು ಅಲ್ಲಿ ಬವೇರಿಯಾದ ಹೆಸರಿನ ಒಂದು ಸೂತ್ರ ಬಳಸುತ್ತಾರೆ. ಅಡಿಗೆಯ ವಿಧಾನದಷ್ಟೇ ಸುಲಭ. ಪೂರ್ಣಾಂಕದಿಂದ ಮಗಳ ಅಂಕ ಕಳೆಯಿರಿ. ಪೂರ್ಣಾಂಕದಿಂದ ಪಾಸಿನ ಅಂಕ ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ.

ಮಗಳಿಗೆ ನೂರಕ್ಕೆ 70, ಪಾಸಿಗೆ 35 ಎನ್ನೋಣ. ಮೂವತ್ತನ್ನು ಅರವತ್ತೈದರಿಂದ ಭಾಗಿಸಿ ಮೂರರಿಂದ ಗುಣಿಸಿ ಒಂದು ಕೂಡಿಸಿದರೆ 2.38. ಅದೇ 70ಕ್ಕೆ ಪಾಸಿನ ಗೆರೆ 40 ಇದ್ದರೆ 2.5. ಅಲ್ಲಿ ಕಡಿಮೆಯಾದಷ್ಟೂ ಒಳ್ಳೆಯದು. ಆದ್ದರಿಂದ ಪಾಸಿನ ಅಂಕ ಎಷ್ಟು ಎಂಬುದು ಅಂಕಪಟ್ಟಿಯಲ್ಲಿ ಅಚ್ಚಾಗಿದೆಯೇ ನೋಡಿ. ಇಲ್ಲದಿದ್ದರೆ ಕಾಲೇಜು ಅಥವಾ ವಿಶ್ವವಿದ್ಯಾಲಯದಿಂದ ಒಂದು ಪತ್ರ ಮಾಡಿಸಿಡಿ. ಹೊರದೇಶದಲ್ಲಿ ಶಾಲೆ ಮುಗಿಸಿ ಇಲ್ಲಿ ಪದವಿಗೆ ಸೇರುವ ಮಕ್ಕಳಿಗೆ ಸಮಾನತೆಯ ಪ್ರಮಾಣಪತ್ರ ಬೇಕಾಗುತ್ತದೆ. ಅಲ್ಲಿಂದ ಹೊರಡುವ ಮುನ್ನವೇ ಆ ಶಾಲೆಯ ಮೂಲ ಅಂಕಪಟ್ಟಿ, ಶ್ರೇಣಿಯ ವಿವರಣೆ, ವರ್ಗಾವಣೆ ಪತ್ರ ಮೂರನ್ನೂ ತೆಗೆದುಕೊಳ್ಳಿ. ಬಂದ ಮೇಲೆ ತರಿಸುವುದು ಪಡಿಪಾಟಲು.

ಎಷ್ಟಕ್ಕೆ ಎಷ್ಟು?

ಹಿಂದಿನ ಮನೆಯ ತಾಯಿಗೆ ನಾನು ಹೇಳಿದ್ದು ಇಷ್ಟೇ: "ನೋಡವ್ವ, ಈಗ ವರ್ಷಕ್ಕೆ ಮೂರು ಪರೀಕ್ಷೆ ಇಟ್ಟವ್ರೆ. ಪರೀಕ್ಷೆ ಎರಡು ಇದೇ ತಿಂಗಳ ಕೊನೇಗೆ. ಬರೀಲಿ. ಅದರಲ್ಲೂ ಆಗ್ಲಿಲ್ಲ ಅಂದ್ರೆ ಪರೀಕ್ಷೆ ಮೂರು ಐತೆ. ಯಾವುದರಲ್ಲಿ ಹೆಚ್ಚು ಬಂತೋ ಅದನ್ನೇ ಹಿಡೀತಾರೆ. ಮೂರು ಅಂಕಕ್ಕೋಸ್ಕರ ಮಗಳ ಓದು ನಿಲ್ಲಿಸಬೇಡ."

ಹುಡುಗಿ ಮೂರು ವಾರ ಸಂಜೆ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ಲೆಕ್ಕ ಮಾಡಿದಳು. ತ್ರಿಭುಜಗಳು ಅವಳಿಗೆ ಚೆನ್ನಾಗಿಯೇ ಬರುತ್ತಿದ್ದವು. ಬೀಜಗಣಿತದಲ್ಲಿ ಚಿಹ್ನೆ ತಪ್ಪುತ್ತಿದ್ದಳು. 32 ಎಂಬ ಒಂದೇ ಅಂಕೆ ನಮಗೆ ಇದನ್ನು ಹೇಳಿರಲಿಲ್ಲ. ಉತ್ತರಗಳನ್ನು ಬಿಡಿಸಿ ನೋಡಿದಾಗಲೇ ತಿಳಿದದ್ದು. ಪರೀಕ್ಷೆ ಎರಡರಲ್ಲಿ ಅವಳಿಗೆ 44 ಬಂತು. ಆ ಜುಲೈನಲ್ಲಿ ಬಸ್ ಪಾಸು ಮಾಡಿಸಿಕೊಂಡು ಪಿಯುಸಿಗೆ ಹೊರಟಳು. ಗಂಡು ನೋಡುವ ಮಾತು ಆ ಮನೆಯಲ್ಲಿ ಆಮೇಲೆ ಕೇಳಲಿಲ್ಲ.

ನಮ್ಮ ಅಜ್ಜಿಗಂತೂ ಮೊಮ್ಮಗಳ ಎರಡರ ಮಹಿಮೆ ಅರ್ಥವಾದ ದಿನ ಹಿಡಿಯಲಾಗದ ಸಂತೋಷ. ಬೀದಿಗೆಲ್ಲ ಒಬ್ಬಟ್ಟು ಹಂಚಿದರು. ಹಿಂದಿನ ಮನೆಯ ಹುಡುಗಿಯ 44ರ ಸುದ್ದಿ ಬಂದಾಗ, "ಅಯ್ಯೋ, ನಮ್ಮ ಮಗಳಿಗೆ ಎರಡು, ಇವಳಿಗೆ ನಲವತ್ತನಾಲ್ಕಾ?" ಎಂದು ಯಾರೋ ತಮಾಷೆ ಮಾಡಿದರು. ಅಜ್ಜಿ ತಕ್ಷಣ ಕೇಳಿದರು: "ಎಷ್ಟಕ್ಕೆ ಎಷ್ಟು? ಗೆರೆ ಎಲ್ಲೈತೆ? ಅದು ಹೇಳು ಮೊದಲು!"

ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಕಲಿತ ಈ ಪ್ರಶ್ನೆಯನ್ನು ನಾವೂ ಕಲಿತರೆ, ಫಲಿತಾಂಶದ ದಿನ ಎಷ್ಟೋ ಮನೆಗಳಲ್ಲಿ ಒಲೆ ಎಂದಿನಂತೆ ಉರಿದೀತು.